ಮುಚ್ಚಳದ ಒಳಮೈ

ಅಮೃತವ್ವ ಮೀನಾ ಕೆಲಸದ ತಾಮ್ರದ ಡಬ್ಬಿ ಒರೆಸುತ್ತಿದ್ದಳು.

ಮಹಾನವಮಿಗೆ ಇನ್ನೆರಡು ದಿನ. ಅಂಗಳದ ಕಟ್ಟೆಯ ಮೇಲೆ ಕೊಡ, ತಂಬಿಗೆ, ದೀಪದ ಸಮೆ, ತಾಟು ಎಲ್ಲ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ನೆನೆಸಿಟ್ಟ ಹುಣಸೆಹಣ್ಣು, ಒಂದು ಬಟ್ಟಲು ಬೂದಿ. ಹಿತ್ತಾಳೆಯ ಕೆಲಸ ಆಮೇಲೆ. ಮೊದಲು ಡಬ್ಬಿ. ಅದಕ್ಕೆ ಅವಳು ಬೇರೆಯೇ ಒಂದು ಮಲ್‌ಮಲ್ ಬಟ್ಟೆ ಇಟ್ಟಿದ್ದಳು. ಉಸಿರು ಬಿಗಿಹಿಡಿದು, ಒಂದೇ ಬೆರಳಿನಿಂದ, ಚಿತ್ರದ ಮೇಲೆ ಬಟ್ಟೆ ಆಡಿಸುತ್ತಿದ್ದಳು. ಮನೆಯಲ್ಲಿ ಸಪ್ಪಳವೇ ಇರಲಿಲ್ಲ.

"ಅದಕ್ಕ ಹುಣಸಿಹಣ್ಣು ಹಚ್ಚಬ್ಯಾಡ್ರಿ..."

ದನಿ ಮೇಲಿನಿಂದ ಬಂತು. ಗಂಡಸಿನ ದನಿ.

ಅಮೃತವ್ವ ಬೆಚ್ಚಿಬಿದ್ದಳು. ಡಬ್ಬಿ ಕೈಜಾರಿ ಕಟ್ಟೆಯ ಅಂಚಿಗೆ ಬಡಿದು ಹಾಸುಗಲ್ಲಿನ ಮೇಲೆ ಉರುಳಿತು. ಟಣ್ ಎನ್ನುವ ಸಣ್ಣ ಸಪ್ಪಳ... ಅದರ ಹಿಂದೆಯೇ ಗಾಜು ಚಿಟಪಟ ಎಂದ ಹಾಗೆ ಇನ್ನೊಂದು.

ಗೋಡೆಯಾಚೆ ಏಣಿಯ ಮೇಲೆ ನಿಂತಿದ್ದವನು ಗೋಡೆ ದಾಟಿ ಅಂಗಳಕ್ಕೇ ಇಳಿದುಬಿಟ್ಟ. ತೆಳ್ಳಗಿನ ಆಳು, ಅಂಗಿಯ ತೋಳಿನ ತುಂಬ ನೀಲಿ ಬಣ್ಣ.

"ಕಾಲ ಎತ್ತಬ್ಯಾಡ್ರಿ. ಹಂಗ ನಿಂದರ್ರಿ."

ಅವಳು ಹಾಗೇ ನಿಂತಳು. ಅವನು ಅವಳ ಪಾದದ ಹತ್ತಿರ ಮೊಣಕಾಲೂರಿ ಕೂತ. ಬೆರಳ ತುದಿ ನಾಲಗೆಗೆ ತಾಗಿಸಿ ತೇವ ಮಾಡಿಕೊಂಡು, ಕಲ್ಲಿನ ಮೇಲಿಂದ ಚೂರು ಚೂರೇ ಎತ್ತಿ ಕಿಸೆಯ ಕಾಗದದ ಮೇಲೆ ಇಡತೊಡಗಿದ. ಸಾಸಿವೆಯಷ್ಟು ಬಿಳಿ, ರಾಗಿಯಷ್ಟು ಗುಲಾಬಿ. ಅವಳ ಹೆಬ್ಬೆರಳಿನ ಪಕ್ಕದಲ್ಲಿದ್ದ ಕೊನೆಯ ಚೂರನ್ನು ಎತ್ತುವಾಗ ಅವನ ಕೈ ಅವಳಿಗೆ ತಾಗಲಿಲ್ಲ. ತಾಗಬಾರದೆಂದು ಅವನು ಎಷ್ಟು ಜೋಪಾನ ಮಾಡಿದ ಎಂಬುದು ಅವಳ ಕಣ್ಣಿಗೆ ಬಿತ್ತು.

ಅಮೃತವ್ವನ ಕಣ್ಣಿಗೆ ಬೀಳದ್ದು ಕಡಿಮೆ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಶಾಲೆ ಅಲ್ಲಿಗೇ ನಿಂತಿತು. ಅಂದಿನಿಂದ ಅವಳು ಮಾತು ಕಡಿಮೆ ಮಾಡಿ ನೋಡುವುದನ್ನು ಹೆಚ್ಚು ಮಾಡಿದ್ದಳು. ಪರ ಗಂಡಸರ ಮುಂದೆ ಅವಳ ದನಿ ಹೊರಟದ್ದನ್ನು ಗದಗಿನ ಬೆಟಗೇರಿಯ ಆ ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

ಆದರೆ ಈಗ ಹೊರಟಿತು.

"ಎಂಟು ವರ್ಷ ಆತು, ಇದಕ್ಕ ನಾ ನೀರ ಸೈತ ಮುಟ್ಟಿಸಿಲ್ಲ. ಹುಣಸಿಹಣ್ಣು ತಂಬಗಿಗೆ ಇಟ್ಟಿದ್ದು. ನೀವು ಒದರದಿದ್ರ ಇದು ಬೀಳ್ತಿರಲಿಲ್ಲ."

ಅವನು ತಲೆಯೆತ್ತಿ ನೋಡಿದ. ವಾದ ಮಾಡಲಿಲ್ಲ.

"ಖರೆ. ತಪ್ಪು ನಂದು," ಎಂದ.

ಅಷ್ಟೇ. ಅಮೃತವ್ವನ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು. ತಪ್ಪು ನಂದು... ಈ ಮನೆಯಲ್ಲಿ ಯಾವ ಗಂಡಸಾದರೂ ಈ ಎರಡು ಮಾತು ಆಡಿದ್ದನ್ನು ತಾನು ಕೇಳಿದ್ದೇನೆಯೇ?

ಸಪ್ಪಳಕ್ಕೆ ಅಜ್ಜಿ ಸಿದ್ದಲಿಂಗವ್ವ ಕೋಲೂರಿಕೊಂಡು ಹೊರಗೆ ಬಂದಳು. ಅಂಗಳದಲ್ಲಿ ಪರ ಗಂಡಸು ಮೊಣಕಾಲೂರಿ ಕೂತದ್ದು ಮಸುಕು ಕಣ್ಣಿಗೂ ಕಂಡಿತು.

"ಯಾರಲೇ ಅಂವಾ? ಏಣಿ ಮ್ಯಾಲ ನಿಂತು ಮಂದಿ ಮನಿ ಅಂಗಳ ನೋಡೂದು ಯಾವ ಕಸುಬು?"

"ಬೋರ್ಡ ಬರಿಯೂ ಕಸುಬು ಯಮ್ಮಾ. ನಿಮ್ಮ ಅಂಗಡಿದ. ಅಂಗಳ ಪುಕ್ಕಟೆ ಕಂಡಿತು."

ಅವನ ಹೆಸರು ಅಂದಾನಪ್ಪ. ಅಂತೂರ ಬೆಂತೂರ ಎಂಬ ಹಳ್ಳಿಯ ಹುಚ್ಚೀರಪ್ಪನ ಮಗ. ಗದಗಿನಲ್ಲಿ ಚಿತ್ರಕಲೆ ಕಲಿತು ಬೋರ್ಡು ಬರೆಯುತ್ತಿದ್ದ. ಅಮೃತವ್ವನ ತಂದೆ ದೇವೇಂದ್ರಪ್ಪನದು ಅರಳೆಯ ಅಡತಿ ಅಂಗಡಿ. ಮನೆಯ ಮುಂಭಾಗದಲ್ಲೇ ಇತ್ತು. ಅದು ಐವತ್ತಾರನೇ ಇಸವಿಯ ಅಕ್ಟೋಬರ್. ನವೆಂಬರ್ ಒಂದರಿಂದ ಗದಗು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಲಿತ್ತು. ಬೋರ್ಡು ಬರೆಯುವವರ ಬ್ರಶ್ಶಿಗೆ ಒಣಗಲು ಬಿಡುವಿರಲಿಲ್ಲ.

ಶಿರಹಟ್ಟಿಯ ಒಂದೇ ಕಚೇರಿಯ ಬೋರ್ಡನ್ನು ತಾನು ಮೂರನೆಯ ಸಲ ಬರೆಯುತ್ತಿದ್ದೇನೆಂದು ಅಂದಾನಪ್ಪ ಅಜ್ಜಿಗೆ ಹೇಳಿದ. ಮೊದಲು ಸಾಂಗ್ಲಿ ಸಂಸ್ಥಾನ, ಆಮೇಲೆ ಮುಂಬಯಿ, ಈಗ ಮೈಸೂರು. ಹಲಗೆ ಮಾತ್ರ ಅದೇ ಸಾಗವಾನಿಯದು. ಅಜ್ಜಿಗೆ ನಗು ಬಂತು. ನಗು ಬಂದದ್ದಕ್ಕೆ ಮತ್ತಷ್ಟು ಸಿಟ್ಟು ಬಂತು.

ಡಬ್ಬಿಯನ್ನು ಸರಿಮಾಡಿಕೊಡದೆ ಏಣಿ ಒಯ್ಯಕೂಡದು ಎಂದು ಅವಳು ತೀರ್ಪು ಕೊಟ್ಟಳು. ಏಣಿಯನ್ನು ಕೊಟ್ಟಿಗೆಯಲ್ಲಿ ಇಡಿಸಿಯೂ ಬಿಟ್ಟಳು.

* * *

ಡಬ್ಬಿ ಬಂದದ್ದು ಶಿರಹಟ್ಟಿಯ ಕಡೆಯ ಒಬ್ಬ ಇನಾಂದಾರರ ವಾಡೆಯಿಂದ. ಸಂಸ್ಥಾನಗಳು ಮುಗಿದ ವರ್ಷ ಆ ವಾಡೆಯ ಸಾಮಾನು ಲಿಲಾವು ಆದಾಗ ದೇವೇಂದ್ರಪ್ಪ ಒಂದು ಟ್ರಂಕು ಕೊಂಡು ತಂದಿದ್ದ. ಅದರ ತಳದಲ್ಲಿ, ಜರತಾರಿ ಚೂರುಗಳ ನಡುವೆ, ಅಂಗೈ ಅಗಲದ ಈ ಡಬ್ಬಿ ಇತ್ತು. ಇನಾಂದಾರರ ಅಜ್ಜ ವಿಲಾಯತಿಗೆ ಹೋದಾಗ ಪ್ಯಾರಿಸಿನಿಂದ ತಂದದ್ದಂತೆ. ಆಗ ಅಮೃತವ್ವನಿಗೆ ಹದಿನಾಲ್ಕು. ಟ್ರಂಕಿನಲ್ಲಿ ತನಗೆ ಬೇರೇನೂ ಬೇಡ ಅಂದಿದ್ದಳು.

ಮುಚ್ಚಳದ ಮೇಲೆ ಒಂದು ತೋಟ. ತೋಟದಲ್ಲಿ ಕಲ್ಲಿನ ಆಸನ. ಅದರ ಮೇಲೆ ನೀಲಿ ಪರಕಾರ ಉಟ್ಟ ಹುಡುಗಿ. ಡಬ್ಬಿಯ ಒಳಗೆಲ್ಲ ಹಾಲಿನಂಥ ಬರೀ ಬಿಳುಪು.

ಬಿದ್ದ ಪೆಟ್ಟಿಗೆ ಆ ಹುಡುಗಿಯ ಬಲಗೈ ಹೋಗಿತ್ತು. ಮಣಿಕಟ್ಟಿನ ಆಚೆ ಈಗ ತಾಮ್ರ ಕಾಣುತ್ತಿತ್ತು.

ಅಂದಾನಪ್ಪ ಮೂರು ಮಧ್ಯಾಹ್ನ ಬಂದ. ಪಡಸಾಲೆಯಲ್ಲಿ ಅವನು, ಕಂಬದ ಈಚೆಗೆ ಅಮೃತವ್ವ, ನಡುವೆ ಕಾವಲಿಗೆ ಎಲೆ ಅಡಿಕೆ ಕುಟ್ಟುತ್ತ ಅಜ್ಜಿ.

ಮೀನಾ ಕೆಲಸವೆಂದರೆ ಏನೆಂದು ಅವನು ತಿಳಿಸಿ ಹೇಳಿದ. ತಾಮ್ರದ ತಗಡಿನ ಮೇಲೆ ಗಾಜಿನ ಪುಡಿಯ ಬಣ್ಣ ಹಚ್ಚಿ ಕುಲುಮೆಯಲ್ಲಿ ಕಾಯಿಸಬೇಕು. ಗಾಜು ಕರಗಿ ತಾಮ್ರವನ್ನು ಅಪ್ಪಿಕೊಳ್ಳುತ್ತದೆ. ಮೇಲೆ ಮತ್ತೆ ಬರೆಯಬೇಕು, ಮತ್ತೆ ಬೆಂಕಿಗೆ ಇಡಬೇಕು. ಆ ಹುಡುಗಿಯ ಕೆನ್ನೆಗೆ ಈ ಗುಲಾಬಿ ಬರಬೇಕಾದರೆ ಅವಳು ಐದಾರು ಸಲವಾದರೂ ಬೆಂಕಿ ಹೊಕ್ಕು ಬಂದಿರಬೇಕು.

"ಅಷ್ಟು ಬೆಂಕಿ ತಿಂದಾಕಿ, ಒಂದ ಪೆಟ್ಟಿಗೆ ಒಡದ್ಲಲ್ಲ," ಎಂದಳು ಅಜ್ಜಿ.

ಮತ್ತೆ ಬೆಂಕಿಗೆ ಇಟ್ಟರೆ ಉಳಿದದ್ದೂ ಬಿರಿಯುತ್ತದೆ, ಹಾಗಾಗಿ ಹೋದ ಜಾಗಕ್ಕೆ ತಾನು ಎಣ್ಣೆಬಣ್ಣ ತುಂಬಿ ವಾರ್ನಿಶ್ ಎಳೆಯುವುದಷ್ಟೇ, ಎಂದು ಅಂದಾನಪ್ಪ ಬಚ್ಚಿಡದೆ ಹೇಳಿದ. ಅದು ಮೀನಾ ಅಲ್ಲ, ಮೀನಾದ ಹಾಗೆ ಕಾಣುತ್ತದೆ, ಅಷ್ಟೇ. ಇದನ್ನೂ ಅಮೃತವ್ವ ಗಮನಿಸಿದಳು. ಸುಳ್ಳು ಹೇಳಿದ್ದರೂ ತಮಗೆ ಗೊತ್ತಾಗುತ್ತಿರಲಿಲ್ಲ.

ತೊಡಕು ಒಂದೇ. ಆ ಕೈ ಹೇಗಿತ್ತು? ಚೂರುಗಳು ಪುಡಿಯಾಗಿದ್ದವು, ಜೋಡಿಸಿದರೂ ಕೈ ಆಗುತ್ತಿರಲಿಲ್ಲ. ಅಜ್ಜಿಗೆ ಕಣ್ಣು ಮಸುಕು, ದೇವೇಂದ್ರಪ್ಪ ಡಬ್ಬಿಯನ್ನು ಗಮನವಿಟ್ಟು ನೋಡಿದ್ದೇ ಇಲ್ಲ.

"ನೀವು ಎಂಟು ವರ್ಷ ನೋಡೀರಿ. ನೀವು ಹೇಳಿದಂಗ ಬರೀತೀನಿ. ಕೈಯಾಗ ಏನಿತ್ತು? ಹೂವಾ? ಬೀಸಣಿಕಿ?"

ಅಮೃತವ್ವ ಕಣ್ಣು ಮುಚ್ಚಿದಳು. ತಾನು ನೋಡಿದ್ದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದರೆ ಹೇಳಲು ಇಷ್ಟೆಲ್ಲ ತನ್ನೊಳಗೆ ಇದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಕಿರುಬೆರಳು ತುಸು ಮೇಲೆದ್ದದ್ದು, ಹೆಬ್ಬೆರಳಿನ ಬುಡದ ನೆರಳು, ತೋಳಿನ ಜಾಲರಿ ಮಣಿಕಟ್ಟನ್ನು ಮುಟ್ಟದೆ ನಿಂತದ್ದು... ಒಂದೊಂದನ್ನೂ ಹೇಳಿದಳು.

"ಕೈಯಾಗ ಏನೂ ಇರಲಿಲ್ಲರಿ," ಎಂದಳು ಕೊನೆಗೆ. "ಚಾಚಿದ್ಲು. ಯಾರರೆ ಏನರೆ ಇಡ್ಲಿ ಅಂತ."

ಅಂದಾನಪ್ಪನ ಬ್ರಶ್ಶು ನಿಂತಿತು. ಅವನು ಡಬ್ಬಿಯನ್ನು ನೋಡಲಿಲ್ಲ. ಅವಳನ್ನು ನೋಡಿದ. ಅವಳೂ ಈ ಸಲ ಕಣ್ಣು ಕೆಳಗಿಳಿಸಲಿಲ್ಲ.

ಅಜ್ಜಿಯ ಕುಟ್ಟಾಣಿಯ ಸಪ್ಪಳವೂ ನಿಂತದ್ದು ಇಬ್ಬರಿಗೂ ಕೇಳಲಿಲ್ಲ.

* * *

ಮೂರನೆಯ ದಿನ ಹುಡುಗಿಯ ಕೈ ಬರೆದು ಮುಗಿಯಿತು. ವಾರ್ನಿಶ್ ಎಳೆಯುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಶಿರಹಟ್ಟಿ, ಮುಂಡರಗಿಯ ಕಚೇರಿಗಳಿಂದ ಕರೆ ಬಂತು: ಬೋರ್ಡುಗಳು ಒಂದನೇ ತಾರೀಖಿನೊಳಗೆ ಆಗಬೇಕು. ಡಬ್ಬಿಯನ್ನು ಜೊತೆಗೆ ಒಯ್ದು, ಮುಗಿಸಿ ಕಳಿಸುತ್ತೇನೆ ಎಂದ ಅಂದಾನಪ್ಪ.

ಅದೇ ದಿನ ಮನೆಗೆ ಇನ್ನೊಂದು ಖಬರು ಬಂದಿತ್ತು. ಲಕ್ಷ್ಮೇಶ್ವರದ ದೊಡ್ಡ ಮನೆತನದವರು ಒಂದನೇ ತಾರೀಖಿಗೆ ಹೆಣ್ಣು ನೋಡಲು ಬರುತ್ತಾರೆ. ಹತ್ತಿ ಹಿಂಜುವ ಎರಡು ಜಿನ್ನು, ನೂರೆಕರೆ ಎರೆಹೊಲ. ದೇವೇಂದ್ರಪ್ಪ ಒಪ್ಪಿದ ಹಾಗೆಯೇ.

ಸಿದ್ದಲಿಂಗವ್ವನ ಮನೆಯಲ್ಲಿ, ಆ ಕಡೆಯ ಎಲ್ಲ ಮನೆಗಳಲ್ಲಿ ಇದ್ದಂತೆ, ಒಂದು ಕಟ್ಟಳೆ ಇತ್ತು. ಪಾತ್ರೆ ಬರಿದಾಗಿ ಹೊಸ್ತಿಲು ದಾಟಕೂಡದು. ನೆರೆಮನೆಯ ಬಟ್ಟಲು ತಿರುಗಿ ಕೊಡುವಾಗಲೂ ಒಂದು ಚಿಟಿಕೆ ಸಕ್ಕರೆ, ನಾಲ್ಕು ಕಾಳು ಜೋಳ ಹಾಕಿಯೇ ಕೊಡಬೇಕು. ಬರಿದು ಕೊಟ್ಟರೆ ಸಂಬಂಧ ಮುಗಿಯಿತು ಎಂದೇ ಅರ್ಥ. ಹೋದ ವರ್ಷ ಕೋಟುಮಚಗಿಯ ಒಂದು ಸಂಬಂಧವನ್ನು ಅಜ್ಜಿ ಹಾಗೆಯೇ ಮುರಿದಿದ್ದಳು. ಅವರು ಕಳಿಸಿದ ಉಂಡಿಯ ಬುಟ್ಟಿಯನ್ನು ತೊಳೆದು, ಒರೆಸಿ, ಬರಿದು ಕಳಿಸಿದ್ದಳು. ಬಾಯಿಬಿಟ್ಟು ಒಂದು ಮಾತು ಆಡಬೇಕಾಗಿ ಬರಲಿಲ್ಲ.

ಅಮೃತವ್ವ ಡಬ್ಬಿಯಲ್ಲಿ ಎರಡು ಹರಳು ಕಲ್ಲುಸಕ್ಕರೆ ಇಟ್ಟಳು.

ಬಾಗಿಲ ಹತ್ತಿರ ಕೊಡುವಾಗ ಸಣ್ಣ ದನಿಯಲ್ಲಿ ಅಂದಳು. "ಒಂದನೇ ತಾರೀಖಿಗೆ ಲಕ್ಷ್ಮೇಶ್ವರದವರು ಬರ್ತಾರ. ಅದರಕಿಂತ ಮೊದಲ ಡಬ್ಬಿ ಮನಿಗೆ ಬರಲಿ."

ಅಂದಾನಪ್ಪ ಮುಚ್ಚಳ ತೆರೆದು ನೋಡಿದ. ಎರಡು ಹರಳನ್ನೂ ನೋಡಿದ. ಮುಚ್ಚಿದ.

"ಬರ್ತೈತಿ," ಎಂದ.

ಅವನಿಗೆ ತಿಳಿಯಿತು! ಅಮೃತವ್ವ ಆ ರಾತ್ರಿಯ ರೊಟ್ಟಿಗಳನ್ನು ಹಾಡಿನ ಹಾಗೆ ಬಡಿದಳು.

* * *

ಡಬ್ಬಿ ಬಂದದ್ದು ಮೂವತ್ತನೇ ತಾರೀಖು, ಬಳೆಗಾರ್ತಿ ದಿಲಶಾದಬಿಯ ಬುಟ್ಟಿಯಲ್ಲಿ. ಅವಳು ಮುಂಡರಗಿಯಿಂದ ಬಸ್ಸಿಗೆ ಬಂದಿದ್ದಳು. ದೀಪಾವಳಿ ಹಬ್ಬದ ಬಳೆ ಇಡಿಸಿಕೊಳ್ಳಲು ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತಿದ್ದರು. ದಿಲಶಾದಬಿ ಬಟ್ಟೆಯ ಗಂಟನ್ನು ಅಮೃತವ್ವನ ಕೈಗೆ ಕೊಟ್ಟು, ಅಂದಾನಪ್ಪ ಹೇಳಿ ಕಳಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು: ಹಬ್ಬ ಮುಗಿಯುವ ತನಕ ಒಳಗೆ ಏನೂ ಹಾಕಬ್ಯಾಡ್ರಿ ಅಂತ ಹೇಳಂದಾರ.

ಅಮೃತವ್ವ ದೇವರ ಕೋಣೆಗೆ ಹೋಗಿ ಗಂಟು ಬಿಚ್ಚಿದಳು. ಹುಡುಗಿಯ ಕೈ ಮರಳಿ ಬಂದಿತ್ತು. ಕಿರುಬೆರಳು ತುಸು ಮೇಲೆ, ತಾನು ಹೇಳಿದ ಹಾಗೆಯೇ. ಉಸಿರು ಬಿಗಿಹಿಡಿದು ಮುಚ್ಚಳವನ್ನು ಒಂದು ಬೆರಳಿನಷ್ಟು ಎತ್ತಿದಳು.

ಬಿಳಿ ತಳ. ಬರಿದು.

ಕಲ್ಲುಸಕ್ಕರೆ ಇರಲಿಲ್ಲ. ಒಂದು ಕಾಳು ಜೋಳವೂ ಇರಲಿಲ್ಲ.

ಮುಚ್ಚಿಬಿಟ್ಟಳು. ಒಳಗೆ ಏನೂ ಹಾಕಬೇಡಿರಿ... ಆ ಮಾತಿನ ಅರ್ಥ ಈಗ ಆಯಿತು ಅನ್ನಿಸಿತು. ಏನೂ ಬಯಸಬೇಡಿರಿ. ಎಷ್ಟು ಮರ್ಯಾದೆಯಿಂದ ಹೇಳಿ ಕಳಿಸಿದ್ದಾನೆ! ಎರಡು ಜಿನ್ನಿನ ಮನೆತನದ ಮುಂದೆ ತಾನೇಕೆ ನಿಲ್ಲಬೇಕು ಅಂದುಕೊಂಡನೋ, ಅಥವಾ ಮೂರು ಮಧ್ಯಾಹ್ನದ ಮಾತಿಗೆ ಅವಳೇ ಇಲ್ಲದ ಅರ್ಥ ಹಚ್ಚಿಕೊಂಡಳೋ?

ಅವಳು ಅಳಲಿಲ್ಲ. ಹೊರಗೆ ಬಂದು ಬಳೆಗೆ ಕೈ ಕೊಟ್ಟು ಕೂತಳು. ದಿಲಶಾದಬಿ ಅವಳ ಬೆರಳು ಹಿಸುಕುತ್ತ, ಇವತ್ತು ಕೈ ಯಾಕ ಇಷ್ಟು ಬಿಗಿ ಹಿಡದೀಯವ್ವಾ, ಬಳಿ ಒಡೀತಾವು, ಎಂದು ಗೊಣಗಿದಳು.

ಸಂಜೆ ತಂದೆ ಕೇಳಿದಾಗ ಅಮೃತವ್ವ, ಲಕ್ಷ್ಮೇಶ್ವರದವರು ಬರಲಿ, ಎಂದಳು.

* * *

ಒಂದನೇ ತಾರೀಖು ಊರಿಗೆ ಊರೇ ಎದ್ದು ನಿಂತಿತ್ತು. ಬಾಗಿಲಿಗೆಲ್ಲ ಮಾವಿನೆಲೆ, ಬೀದಿಯಲ್ಲಿ ಬಾಜಾಬಜಂತ್ರಿ. ದೇವೇಂದ್ರಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದವರಿಗೆಲ್ಲ ಪೇಢೆ ಹಂಚುತ್ತಿದ್ದ. ಕನ್ನಡ ನಾಡು ಒಂದಾಗಲು ಎಷ್ಟು ವರ್ಷ ಬೇಕಾಯಿತಲ್ಲ ಎಂದು ಅವನ ಕಣ್ಣಲ್ಲಿ ನೀರು. ಅಂಗಡಿಯ ಮುಂದೆ ಅದೇ ಏಣಿ. ಏಣಿಯ ಮೇಲೆ ಅಂದಾನಪ್ಪ. ಹೊಸ ಬೋರ್ಡಿನ ಕೊನೆಯ ಸಾಲು ಬರೆಯುತ್ತಿದ್ದ.

ಬೆಳಿಗ್ಗೆ ಬಂದವನು ಕಿಡಕಿಯ ಕಡೆ ಒಮ್ಮೆ ನೋಡಿದ್ದ. ಅಮೃತವ್ವ ಕಿಡಕಿ ಮುಚ್ಚಿದ್ದಳು. ಅವನ ಮುಖ ಬಿಳಿಚಿಕೊಂಡದ್ದನ್ನು ಅವಳು ಆ ಒಂದು ಸಲ ನೋಡಲಿಲ್ಲ.

ಹನ್ನೊಂದು ಗಂಟೆಗೆ ಲಕ್ಷ್ಮೇಶ್ವರದವರು ಬಂದರು. ವರ ಊಟದ ಹೊತ್ತಿಗೆ ಬರುತ್ತಾನೆಂದೂ, ಮೊದಲು ತಾಯಿಗೆ ಹೆಣ್ಣು ತೋರಿಸಬೇಕೆಂದೂ ಹೇಳಿದರು. ಆ ತಾಯಿ ಕೆಟ್ಟವಳಲ್ಲ. ಜಮಖಾನೆಯ ಮೇಲೆ ಕೂತು, ಹುಡುಗಿ ಮಾತಾಡೂದಿಲ್ಲಂತ, ಚಲೋ ಆತು, ನಮ್ಮನಿಯಾಗ ಮಾತಾಡಾಕ ನಾ ಒಬ್ಬಾಕಿ ಸಾಕು, ಎಂದು ನಕ್ಕಳು.

ಅಜ್ಜಿ ಒಳಗೆ ಕೂಗಿ ಹೇಳಿದಳು. ಆ ಮೀನಾ ಡಬ್ಬಿಯೊಳಗ ಸಕ್ಕರಿ ಹಾಕ್ಕೊಂಡು ಬಾ. ಬೀಗರ ಕೈಗೆ ನೀನ ಕೊಡು.

ಹುಡುಗಿ ತನ್ನ ಕೈಯಾರೆ ಸಕ್ಕರೆ ಕೊಟ್ಟರೆ ಆ ಮನೆಯಲ್ಲಿ ಮಾತು ಮುಗಿದ ಹಾಗೆ. ಅಮೃತವ್ವನಿಗೆ ಅದು ಗೊತ್ತಿತ್ತು. ಡಬ್ಬಿ ಎತ್ತಿಕೊಂಡು ಅಡುಗೆಮನೆಯ ಬೆಳಕಿಂಡಿಯ ಕೆಳಗೆ ನಿಂತಳು. ಒಂದು ಕೈಯಲ್ಲಿ ಸಕ್ಕರೆಯ ಚಮಚೆ. ಸುರಿಯಬೇಕೆಂದು ಇನ್ನೊಂದು ಕೈಯಿಂದ ಮುಚ್ಚಳವನ್ನು ಪೂರ್ತಿ ಹಿಂದಕ್ಕೆ ಮಡಚಿದಳು.

ಚಮಚೆ ಗಾಳಿಯಲ್ಲೇ ನಿಂತಿತು.

ಮುಚ್ಚಳದ ಒಳಮೈ ಬಿಳಿಯಾಗಿ ಉಳಿದಿರಲಿಲ್ಲ. ಅಲ್ಲೊಂದು ಕೈ ಇತ್ತು. ಗಂಡಸಿನ ಕೈ. ಕಂದು ಬಣ್ಣದ್ದು, ನಮ್ಮ ಕಡೆಯ ಬಿಸಿಲಿನದು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಅಂಗೈ ತೆರೆದಿತ್ತು. ಅಂಗೈಯ ನಡುವೆ ಎರಡು ಹರಳು ಕಲ್ಲುಸಕ್ಕರೆ, ಹೊಳೆಯುವ ಹಾಗೆ ಬರೆದದ್ದು. ಮೇಲೆ ಹುಡುಗಿ ಕೈ ಚಾಚಿ ಕೂತ ಜಾಗಕ್ಕೆ ಸರಿಯಾಗಿ, ಕೆಳಗೆ ಆ ಕೈ.

ಅಮೃತವ್ವ ಕಿರುಬೆರಳಿನಿಂದ ಅಂಚನ್ನು ಮುಟ್ಟಿ ನೋಡಿದಳು. ವಾರ್ನಿಶ್ ಇನ್ನೂ ಅಂಟುತ್ತಿತ್ತು.

ಅದಕ್ಕೇ... ಸಕ್ಕರೆ ಹಾಕಿದರೆ ಅಂಟಿಕೊಳ್ಳುತ್ತದೆಂದೇ ಹಾಗೆ ಹೇಳಿ ಕಳಿಸಿದ್ದ. ಎಂಟು ವರ್ಷ ಮೇಲಿನ ಚಿತ್ರದಲ್ಲಿ ಕಿರುಬೆರಳ ನೆರಳನ್ನೂ ಬಿಡದೆ ನೋಡಿದವಳು, ತನಗೆ ಬೇಕಾದ ಉತ್ತರ ಬಂದ ದಿನ ತಳವನ್ನಷ್ಟೇ ನೋಡಿ ಮುಚ್ಚಿದ್ದಳು.

ಹೊರಗಿನಿಂದ ಅಜ್ಜಿ ಮತ್ತೆ ಕರೆದಳು.

ಅಮೃತವ್ವ ಚಮಚೆಯ ಸಕ್ಕರೆಯನ್ನು ಅಡುಗೆಮನೆಯ ಡಬರಿಗೇ ಮರಳಿ ಹಾಕಿದಳು. ಸೆರಗು ಸರಿಮಾಡಿಕೊಂಡಳು. ಪಡಸಾಲೆಗೆ ಬಂದು, ಲಕ್ಷ್ಮೇಶ್ವರದ ತಾಯಿಯ ಮುಂದೆ ಬಾಗಿ ಡಬ್ಬಿಯನ್ನು ಇಟ್ಟು, ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

ಆ ತಾಯಿ ಮುಚ್ಚಳ ಎತ್ತಿದಳು. ಬರಿದು.

ಅರ್ಥ ಎಲ್ಲರಿಗೂ ಆಗಿತ್ತು. ದೇವೇಂದ್ರಪ್ಪ ರುಮಾಲಿಗೆ ಕೈ ಹಚ್ಚಿಕೊಂಡು ಎದ್ದುನಿಂತ.

"ಏನಿದು, ಅಮೃತವ್ವಾ?"

"ಅಪ್ಪಾ, ತಪ್ಪು ನಂದು," ಎಂದಳು ಅಮೃತವ್ವ. "ಇವರು ಬರೂಕಿಂತ ಮೊದಲ ಹೇಳಬೇಕಾಗಿತ್ತು. ನನ್ನ ಸಕ್ಕರಿ ಆಗಲೇ ಒಬ್ಬರ ಕೈಗೆ ಹೋಗೇತಿ."

ಲಕ್ಷ್ಮೇಶ್ವರದ ತಾಯಿ ಡಬ್ಬಿಯನ್ನು ಹೊರಳಿಸಿ ನೋಡಿದಳು. ಮುಚ್ಚಳದ ಒಳಗಿನ ಕೈ ಅವಳಿಗೂ ಕಂಡಿತು. ಹುಡುಗಿ ಮಾತಾಡೂದಿಲ್ಲ ಅಂತ ಯಾರರೀ ಹೇಳಿದ್ದು, ಎಂದಳು. ಮುಖ ಬಿಗಿದಿತ್ತು. ಆದರೆ ಏಳುವಾಗ ಡಬ್ಬಿಯನ್ನು ಅಜ್ಜಿಯ ಕೈಯಲ್ಲಿ ಜೋಪಾನವಾಗಿ ಇಟ್ಟೇ ಎದ್ದಳು.

ಅವರು ಹೊರಟ ಮೇಲೆ, ಮುಚ್ಚಳದಲ್ಲಿ ಬರೆದ ಕೈ ನೋಡಿದ ದೇವೇಂದ್ರಪ್ಪನ ಸಿಟ್ಟು ಹೊರಬಿತ್ತು. ಬಣ್ಣದ ಡಬ್ಬಿ ಹಿಡಕೊಂಡು ಊರೂರು ತಿರುಗುವವನಿಗೆ ಮಗಳನ್ನು ಕೊಡುವುದೇ, ನಾಳೆ ಮಂದಿ ಏನಂದಾರು, ಎಂದು ಒಂದೇ ಸಮನೆ ಆಡಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ದೇವೇಂದ್ರಪ್ಪಾ, ಹುಚ್ಚೀರಪ್ಪನ ಮನಿತನ ನನಗ ಗೊತ್ತೈತಿ. ಮೂರು ಮಧ್ಯಾಹ್ನ ಕುಟ್ಟಾಣಿ ಹಿಡಕೊಂಡು ಸುಮ್ಮನ ಕುಂತಿದ್ದೆ ಅಂತ ತಿಳದೀಯೇನು? ಕಣ್ಣು ಹೋಗ್ಯಾವು, ಕಿವಿ ಅದಾವು. ಸಕ್ಕರಿ ಹಾಕೂದು ಬಿಡೂದು ಆಕಿಗೇ ಬಿಟ್ಟಿದ್ದೆ. ಊರು ಊರೆಲ್ಲಾ ಒಂದಾತು ಅಂತ ಮುಂಜಾನಿಂದ ಪೇಢೆ ಹಂಚೀಯಲ್ಲ, ನಿನ್ನ ಮನಿಯಾಗ ಇಬ್ಬರು ಒಂದಾಗೂದು ಬ್ಯಾಡೇನು?"

ದೇವೇಂದ್ರಪ್ಪ ಕಂಬಕ್ಕೆ ಒರಗಿ ಕೂತು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಬ್ಯಾಡ ಎಂದು ಮಾತ್ರ ಅನ್ನಲಿಲ್ಲ.

ಅಮೃತವ್ವ ಅಷ್ಟರಲ್ಲಿ ಹೊಸ್ತಿಲು ದಾಟಿದ್ದಳು.

ಏಣಿಯ ಮೇಲೆ ಅಂದಾನಪ್ಪ ಬೋರ್ಡಿಗೆ ಮುಖ ಮಾಡಿ ನಿಂತಿದ್ದ. ಬೀದಿಯ ಗದ್ದಲದಲ್ಲಿ ಒಳಗಿನ ಮಾತು ಅವನಿಗೆ ಕೇಳಿರಲಿಲ್ಲ. 'ಮೈಸೂರು' ಎಂದು ಬರೆದಾಗಿತ್ತು. 'ರಾಜ್ಯ' ಬರೆಯಲು ಕೈ ಏಳುತ್ತಿರಲಿಲ್ಲ. ಅಮೃತವ್ವ ಏಣಿಯ ಎರಡೂ ಕಾಲು ಹಿಡಿದಳು.

"ಡಬ್ಬಿ ಖಾಲಿ ಯಾಕ ಕಳಿಸಿದ್ರಿ?"

ಅವನು ಕೆಳಗೆ ನೋಡಿದ. "ಖಾಲಿ ಎಲ್ಲಿ ಕಳಿಸಿದ್ದೆ? ತುಂಬೇ ಕಳಿಸಿದ್ದೆ. ನೀವು ನೋಡಿ, ಬ್ಯಾಡ ಅಂದ್ರಿ ಅಂತ ತಿಳಕೊಂಡೆ."

"ತಳಾ ಅಷ್ಟ ನೋಡಿದೆ."

"ನೀವು? ಎಲ್ಲಾ ನೋಡಾವ್ರು?"

"ಅಂಜಿಕಿ ಆಗಿತ್ತು," ಎಂದಳು ಅಮೃತವ್ವ. "ಈಗಿಲ್ಲ. ಈಗ ಪೂರಾ ನೋಡೇನಿ."

ಅಂದಾನಪ್ಪ ಒಂದೊಂದೇ ಮೆಟ್ಟಿಲು ಇಳಿದ. ಕೊನೆಯ ಮೆಟ್ಟಿಲಿನ ಮೇಲೆ ನಿಂತು ಬಲಗೈ ತೆರೆದು ತೋರಿಸಿದ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ಚಿತ್ರದಲ್ಲಿ ಇದ್ದ ಹಾಗೆಯೇ. ಅಂಗೈ ಮಾತ್ರ ಬರಿದು.

"ಆ ಎರಡು ಹರಳು ಎಲ್ಲಿ?"

"ಬರದು ಮುಗಿಸಿದ ಮ್ಯಾಲ ತಿಂದೆ," ಎಂದ. "ತಡಕೊಳ್ಳಾಕ ಆಗಲಿಲ್ಲ."

ಅಮೃತವ್ವ ನಕ್ಕಳು. ಬೀದಿಯಲ್ಲಿ, ಹಾಡುಹಗಲು, ಬಾಜಾಬಜಂತ್ರಿಯ ನಡುವೆ. ಅವನ ಬರಿದಾದ ಅಂಗೈಯಲ್ಲಿ ತನ್ನ ಕೈ ಇಟ್ಟಳು. ಹಸಿರು ಬಳೆಗಳು ಒಮ್ಮೆ ಸಪ್ಪಳ ಮಾಡಿ ಸುಮ್ಮನಾದವು.

ಪಡಸಾಲೆಯಿಂದ ಸಿದ್ದಲಿಂಗವ್ವನ ದನಿ ಕೇಳಿಸಿತು. "ಯಾರರೆ ಒಂದೀಟು ಸಕ್ಕರಿ ತರ್ರೆವ್ವಾ."